ಕೆಚ್ಚಲಿನ ಒಂದೇ ಬದಿ ಹಾಲು ಕಮ್ಮಿ, ರುಚಿಯೂ ಉಪ್ಪುಪ್ಪು. ಬಾವು ಅಲ್ಲದಿದ್ದರೆ ಇನ್ನೇನು?

ಮೇಕೆಮನೆ:
ಎರಡನೇ ಸೂಲಿನ ಮೇಕೆ. ಮರಿ ಒಂದೇ, ಅದೂ ಬಲಗಡೆ ತೊಟ್ಟಿಗೇ ಬಾಯಿ ಹಾಕುತ್ತದೆ. ಎಡಗಡೆ ದಿನಕ್ಕೊಮ್ಮೆ, ಬೆಳಿಗ್ಗೆ ಮಾತ್ರ ಕರೆಯುತ್ತೇನೆ. ಈಗ ಎಡಗಡೆ ಹಾಲು ಅರ್ಧಕ್ಕೆ ಇಳಿದಿದೆ, ನಾಲಿಗೆಗೆ ಉಪ್ಪು ಹತ್ತುತ್ತದೆ. ಗಟ್ಟಿಯಿಲ್ಲ, ಬಿಸಿಯಿಲ್ಲ. ಸಿಎಂಟಿ (ಹಾಲಿನಲ್ಲಿ ಕೋಶ ಜಾಸ್ತಿಯಿದ್ದರೆ ಲೋಳೆಯಾಗುವ, ಬಾವು ಪತ್ತೆಯ ಪರೀಕ್ಷೆ) ಮಾಡಿದರೆ ಎರಡೂ ಬದಿ ಚೂರು ಲೋಳೆ. ಹಾರ್ಮೋನು ಕಮ್ಮಿಯಾಗಿದೆಯಾ? ಹಾಲು ಇಳಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಿಸಲಾ?

ನೊರೆಹಾಲು:
ಸದ್ಯಕ್ಕೆ ಬೇಡ. ಹಾಲು ತಯಾರಿಸಲು ಬೇಕಾದ ಪ್ರೊಲ್ಯಾಕ್ಟಿನ್, ಹಾಲು ಇಳಿಸುವ ಆಕ್ಸಿಟೋಸಿನ್, ಎರಡೂ ಹಾರ್ಮೋನು ರಕ್ತದಲ್ಲಿ ಬರುತ್ತವೆ. ಅವು ಕಮ್ಮಿಯಾಗಿದ್ದರೆ ಬಲಗಡೆಯೂ ಇಳಿಯಬೇಕಿತ್ತು, ಅಲ್ವಾ? ಒಂದೇ ಬದಿ ಇಳಿದಿದೆ ಅಂದರೆ ನನ್ನ ಅನುಮಾನ ಅಲ್ಲಿ ನಿಂತ ಹಾಲಿನ ಮೇಲೆಯೇ.

ಹಾಲು ನಿಂತಷ್ಟೂ ಪ್ಲಾಸ್ಮಿನ್ ಎಂಬ ಕಿಣ್ವ ಚುರುಕಾಗಿ ಬೀಟಾ-ಕೇಸೀನ್ ಎಂಬ ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಅದರಲ್ಲಿ ಉದುರುವ 1ರಿಂದ 28ನೇ ಅಮೈನೋ ಆಮ್ಲದವರೆಗಿನ ತುಂಡು ಹಾಲು ತಯಾರಿಸುವ ಕೋಶಗಳ ಪೊಟ್ಯಾಸಿಯಂ ದಾರಿಗೆ ಅಡ್ಡ ಕೂರುತ್ತದೆ. ಸ್ರವಿಕೆ ಇಳಿಯುತ್ತದೆ. ಕೆಚ್ಚಲು ತಾನೇ ತಯಾರಿಸುವ ಸೆರೊಟೋನಿನ್ ಕೂಡ ಇದೇ ದಿಕ್ಕಿಗೆ ಎಳೆಯುತ್ತದೆ.

ಉಪ್ಪಿಗೂ ಕಾರಣ ಇಲ್ಲೇ ಸಿಗುತ್ತದೆ. ಮೇಕೆಯಲ್ಲಿ ಸುಮಾರು 21 ಗಂಟೆ ಹಾಲು ತೆಗೆಯದಿದ್ದರೆ ಕೋಶಗಳ ನಡುವಿನ ಬಿಗಿ ಬೆಸುಗೆ ಸಡಿಲವಾಗುತ್ತದೆ. ರಕ್ತದ ಕಡೆಯಿಂದ ಸೋಡಿಯಂ, ಕ್ಲೋರೈಡ್ ಒಳಗೆ ನುಗ್ಗುತ್ತವೆ. ಲ್ಯಾಕ್ಟೋಸ್, ಪೊಟ್ಯಾಸಿಯಂ ಆಚೆ ಸೋರುತ್ತವೆ. ನೀವು ಬಿಡುತ್ತಿರುವುದು 24 ಗಂಟೆ.

ಕುತೂಹಲಿ:
ಕೆಚ್ಚಲು ತುಂಬಿ ಒತ್ತಡ ಜಾಸ್ತಿಯಾಗಿ ನಿಂತಿರಬಹುದಲ್ವಾ? ಸುಮ್ನೆ ರಾಸಾಯನಿಕದ ಮೇಲೆ ಯಾಕೆ ಹೊರಿಸುವುದು?

ನೊರೆಹಾಲು:
ಒತ್ತಡದ ಪಾತ್ರ ಇಲ್ಲ ಅನ್ನುತ್ತಿಲ್ಲ. ಆದರೆ ಇದನ್ನು ಮೇಕೆಯಲ್ಲೇ ಪರೀಕ್ಷಿಸಿದ್ದಾರೆ. 1980ರ ದಶಕದಲ್ಲಿ ಒಂದು ಬದಿಯ ಹಾಲನ್ನು ಹೆಚ್ಚುವರಿಯಾಗಿ ಕರೆದು, ಒತ್ತಡ ಇಳಿಯದಿರಲಿ ಅಂತ ಆ ಜಾಗಕ್ಕೆ ಸಕ್ಕರೆ ದ್ರಾವಣ ತುಂಬಿದರು. ಆದರೂ ಆ ಬದಿಯ ಹಾಲು ಏರಿತು. ಕೆಚ್ಚಲು ತುಂಬಿಯೇ ಇತ್ತು, ಹೋಗಿದ್ದು ಹಾಲಿನೊಳಗಿನ ವಸ್ತು ಮಾತ್ರ.

ಪ್ರಯೋಗಾಲಯದವ:
ಲ್ಯಾಬಿನ ಕಡೆಯಿಂದ ಒಂದು ಮಾತು. ಉಪ್ಪು ರುಚಿ ಹೊರಗೆ ಕಾಣದ ಒಳಬಾವಿನಲ್ಲೂ ಬರುತ್ತದೆ. ಮೇಕೆ ಹಾಲಿನಲ್ಲಿ ಆರೋಗ್ಯವಾಗಿದ್ದಾಗಲೂ ಕೋಶಗಳ ಸಂಖ್ಯೆ ಹಸುವಿಗಿಂತ ಜಾಸ್ತಿ, ಹಾಗಾಗಿ ಎರಡೂ ಬದಿ ಸಮನಾಗಿ ಚೂರು ಲೋಳೆ ಬಂದರೆ ಗಾಬರಿ ಬೇಡ. ಎಡಗಡೆಯ ಲೋಳೆ ಮಾತ್ರ ಗಟ್ಟಿಯಾದರೆ ಅದು ಬೇರೆ ಕಥೆ. ಏನೇ ಇರಲಿ, ಎಡಗಡೆಯದು ಒಂದು ಕಲ್ಚರ್ (ಹಾಲಿನಲ್ಲಿ ರೋಗಾಣು ಬೆಳೆಯುತ್ತದಾ ನೋಡುವ ಪರೀಕ್ಷೆ) ಮಾಡಿಸಿ. ಕೋಶಗಳ ಮೆಷಿನ್ ಎಣಿಕೆ ಮಾಡಿಸುವುದಾದರೆ ಡಿಎನ್‌ಎ ಗುರುತಿಸುವ ಯಂತ್ರವೇ ಆಗಬೇಕು. ಮೇಕೆಯ ಕೆಚ್ಚಲು ಸ್ರವಿಸುವಾಗ ಕೋಶದ ಚೂರುಗಳೂ ಉದುರುತ್ತವೆ, ಉಳಿದ ಯಂತ್ರಗಳು ಅವನ್ನೂ ಕೋಶ ಅಂತ ಎಣಿಸಿಬಿಡುತ್ತವೆ.

ಮೇಕೆಮನೆ:
ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಎಡಗಡೆ ಈಗ ಮೂರು ಹೊತ್ತು ಕರೆಯುತ್ತಿದ್ದೇನೆ. ಉಪ್ಪು ಹೋಯಿತು. ಹಾಲು ಏರಿದೆ, ಆದರೆ ಬಲಗಡೆಯಷ್ಟಿಲ್ಲ.

ನೊರೆಹಾಲು:
ಬೆಸುಗೆ ಬೇಗ ಕೂಡಿಕೊಳ್ಳುತ್ತದೆ, ಅದಕ್ಕೇ ಉಪ್ಪು ಮೊದಲು ಹೋಯಿತು. ಆದರೆ ಹಾಲು ನಿಂತಾಗ ಸತ್ತ ಕೋಶ ಅಷ್ಟು ಸುಲಭಕ್ಕೆ ಬರುವುದಿಲ್ಲ, ಉಳಿದದ್ದು ಮುಂದಿನ ಸೂಲಿಗೇ ಇರಬಹುದು. ಮರಿ ಬಲಗಡೆ ಚೀಪುತ್ತಿರುವಾಗಲೇ ನೀವು ಎಡಗಡೆ ಕರೆದು ನೋಡಿ. ಆಗ ಬಿಡುಗಡೆಯಾಗುವ ಆಕ್ಸಿಟೋಸಿನ್ ಎರಡೂ ಬದಿಗೆ ಹೋಗುತ್ತದೆ, ಚುಚ್ಚುಮದ್ದಿನ ಖರ್ಚೂ ಇಲ್ಲ.