ಚಟ್ನಿಪುಡಿ ಬ್ರ್ಯಾಂಡಿಗೆ ಟ್ರೇಡ್‌ಮಾರ್ಕ್ ಆಕ್ಷೇಪ: ಏನು ಉತ್ತರಿಸಬೇಕು?

ಬಸವನಗುಡಿ_ಮಸಾಲೆ: ನಮ್ಮ ಚಟ್ನಿಪುಡಿ ಬ್ರ್ಯಾಂಡ್ ಹೆಸರಿನ ಟ್ರೇಡ್‌ಮಾರ್ಕ್ ನೋಂದಣಿಗೆ 30ನೇ ವರ್ಗದಲ್ಲಿ (ಮಸಾಲೆ, ಚಟ್ನಿಯಂಥ ಸರಕುಗಳ ಗುಂಪು) ಅರ್ಜಿ ಹಾಕಿದ್ದೆವು. ನೋಂದಣಿ ಕಚೇರಿ ಅರ್ಜಿ ಪರಿಶೀಲಿಸಿ ಕಳಿಸಿದ ಪರೀಕ್ಷಾ ವರದಿಯಲ್ಲಿ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 9 ಮತ್ತು 11 ಎರಡರ ಆಕ್ಷೇಪವೂ ಬಂದಿವೆ. ಜಿಎಸ್‌ಟಿ ನೋಂದಣಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಎರಡೂ ಇದೇ ಹೆಸರಲ್ಲಿವೆ, ಅಷ್ಟು ಸಾಲದೇ?

ಗುರುತುಚೀಟಿ: ಸಾಲದು. ಅವು ಹೆಸರಿನ ಹಕ್ಕು ಕೊಡುವುದಿಲ್ಲ. ಬಳಕೆಗೆ ಪುರಾವೆಯಾಗುತ್ತವೆ, ಅಷ್ಟೆ. ಮೊದಲು ದಿನಾಂಕ ನೋಡಿ: ವರದಿ ಕೈಸೇರಿದ 30 ದಿನದೊಳಗೆ ಉತ್ತರ ಹೋಗದಿದ್ದರೆ ಅರ್ಜಿ ಕೈಬಿಟ್ಟಂತೆ ಪರಿಗಣಿಸಬಹುದು. ಸೆಕ್ಷನ್ 9 ಅಂದರೆ ಹೆಸರು ಸರಕನ್ನೇ ಬಣ್ಣಿಸುತ್ತಿದೆ ಎಂದರ್ಥ. 'ಖಾರ', 'ರುಚಿ' ತರಹದ ಪದ ಕನ್ನಡದಲ್ಲಿದ್ದರೂ ಆಕ್ಷೇಪ ತಪ್ಪದು. ಬಳಕೆಯಿಂದ ಈ ಹೆಸರು ನಿಮ್ಮದೆಂದೇ ಜನರಿಗೆ ಗುರುತಾಗಿದೆ ಎಂದು ತೋರಿಸಲು ವರ್ಷವಾರು ಬಿಲ್, ಜಾಹೀರಾತು ಖರ್ಚು, ಹಳೇ ಪ್ಯಾಕೆಟ್ ಚಿತ್ರ ಸೇರಿಸಿ ಅಫಿಡವಿಟ್ ಕೊಡಿ. ಬಿಲ್‌ನಲ್ಲಿ ಬ್ರ್ಯಾಂಡ್ ಹೆಸರೇ ಇಲ್ಲದೆ ಬರೀ 'ಚಟ್ನಿಪುಡಿ 200 ಗ್ರಾಂ' ಅಂತಿದ್ದರೆ ಅದರಿಂದ ಪ್ರಯೋಜನ ಕಡಿಮೆ. ಬಹುತೇಕರು ಎಡವುವುದು ಇಲ್ಲೇ.

ಜರ್ನಲ್_ಓದುಗ: ಸೆಕ್ಷನ್ 11 ಅಂದರೆ ನಿಮ್ಮ ಹೆಸರು ಬೇರೆಯವರ ಹಿಂದಿನ ಮಾರ್ಕನ್ನು ಹೋಲುತ್ತದೆ ಎಂಬ ಆಕ್ಷೇಪ. ಅದಕ್ಕೆ, ವರದಿಯಲ್ಲಿ ಉಲ್ಲೇಖಿಸಿದ ಪ್ರತಿ ಮಾರ್ಕಿನ ಸ್ಥಿತಿಯನ್ನೂ ಆನ್‌ಲೈನಿನಲ್ಲಿ ಹುಡುಕಿ. ಕೆಲವು ನವೀಕರಣವಾಗದೆ ಬಿದ್ದಿರುತ್ತವೆ. ಉಳಿದವಕ್ಕೆ ಉಚ್ಚಾರಣೆ, ನೋಟ, ಸರಕು ಬೇರೆ ಬೇರೆಯಾಗಿ ಹೋಲಿಸಿ ಬರೆಯಿರಿ. ಲೋಗೋ ಬದಲಿಸಿದರೆ ಸಾಕು ಅನ್ನೋ ಸಲಹೆ ನಂಬಬೇಡಿ, ಕಿವಿಗೆ ಒಂದೇ ಥರ ಕೇಳಿಸಿದರೆ ತೊಂದರೆಯೇ. ಅಂಗೀಕಾರವಾದ ಮೇಲೂ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ (ಕಚೇರಿಯ ಅಧಿಕೃತ ಪ್ರಕಟಣೆ) ಪ್ರಕಟವಾಗಿ 4 ತಿಂಗಳು ಬೇರೆಯವರ ವಿರೋಧಕ್ಕೆ ಅವಕಾಶವಿದೆ.

ಬಸವನಗುಡಿ_ಮಸಾಲೆ: ಉಪ್ಪಿನಕಾಯಿಯನ್ನೂ ಇದೇ ಅರ್ಜಿಗೆ ಸೇರಿಸಬಹುದಾ? ಪ್ಯಾಕೆಟ್ ಮೇಲೆ ® (ನೋಂದಾಯಿತ ಎಂಬ ಚಿಹ್ನೆ) ಹಾಕಬಹುದಾ?

ಗುರುತುಚೀಟಿ: ಉಪ್ಪಿನಕಾಯಿ 29ನೇ ವರ್ಗ, ಹೊಸ ಅರ್ಜಿಯೇ ಬೇಕು. ಆನ್‌ಲೈನಿನಲ್ಲಿ ವರ್ಗಕ್ಕೆ ₹4,500, ಉದ್ಯಮ್ ಪ್ರಮಾಣಪತ್ರ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇಲ್ಲದ ಕಂಪನಿಗೆ ಸಾಮಾನ್ಯವಾಗಿ ₹9,000. ನೋಂದಣಿಗೆ ಮುಂಚೆ ® ಹಾಕಿದರೆ ಸೆಕ್ಷನ್ 107ರ ಉಲ್ಲಂಘನೆ, ದಂಡ ಬೀಳಬಹುದು. ಸದ್ಯ ™ (ಟ್ರೇಡ್‌ಮಾರ್ಕ್ ಎಂಬ ಚಿಹ್ನೆ) ಸಾಕು. ಅಂದಹಾಗೆ, ಬೆಂಗಳೂರಿನ ಅರ್ಜಿಗಳು ಚೆನ್ನೈ ನೋಂದಣಿ ಕಚೇರಿಯ ವ್ಯಾಪ್ತಿಗೆ ಬರುತ್ತವೆ.