ಕಿಡ್ನಿಯ ರೋಮ್ಕ್ ಚಾನೆಲ್‌ಗೆ ಔಷಧಿ ಹುಡುಕೋದು ಯಾಕಿಷ್ಟು ಕಷ್ಟ?

ಫಾರ್ಮಾ_ವಿದ್ಯಾರ್ಥಿ:
ಮೂತ್ರ ಹೆಚ್ಚಿಸೋ ಔಷಧಿ ಫ್ಯೂರೋಸಮೈಡ್ ಕೊಟ್ಟರೆ ಸೋಡಿಯಂ ಜೊತೆ ಪೊಟ್ಯಾಸಿಯಂ ಕೂಡ ಮೂತ್ರದಲ್ಲಿ ಹೋಗಿಬಿಡುತ್ತೆ. ಅದರ ಬದಲು ರೋಮ್ಕ್ ಅನ್ನೋ ಪೊಟ್ಯಾಸಿಯಂ ಚಾನೆಲ್ (ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗೋ ತೂತು) ಮುಚ್ಚಿದರೆ ಈ ತೊಂದರೆ ಕಡಿಮೆ ಅಂತ ಓದಿದೆ. ಆ ಜೀನ್ ಸಿಕ್ಕಿದ್ದು 1993ರಲ್ಲೇ. ಒಂದು ತೂತು ಮುಚ್ಚೋ ಅಣು ಹುಡುಕೋಕೆ ಇಷ್ಟು ವರ್ಷ ಬೇಕಾ?

ನೆಫ್ರಾನ್:
ಮೊದಲು ಅದು ಎಲ್ಲಿದೆ ಅಂತ ನೋಡಿ. ಕಿಡ್ನಿಯ ಸಣ್ಣ ನಾಳದಲ್ಲಿ ಹೆನ್ಲೆ ಲೂಪ್ ಅನ್ನೋ ಬಾಗಿದ ಭಾಗ ಇದೆ, ಅದರ ದಪ್ಪ ಭಾಗದಲ್ಲಿ ಎನ್‌ಕೆಸಿಸಿ2 ಅನ್ನೋ ಸಾಗಣೆ ಪ್ರೋಟೀನ್ ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಒಟ್ಟಿಗೆ ಒಳಗೆ ಎಳೆಯುತ್ತೆ. ಫ್ಯೂರೋಸಮೈಡ್ ತಡೆಯೋದು ಇದನ್ನೇ. ಆದರೆ ಅಲ್ಲಿ ನಾಳದೊಳಗೆ ಪೊಟ್ಯಾಸಿಯಂ ತುಂಬಾ ಕಡಿಮೆ, ಅದನ್ನು ವಾಪಸ್ ನಾಳಕ್ಕೆ ಬಿಡೋದು ರೋಮ್ಕ್. ಅದು ಮುಚ್ಚಿದರೆ ಎನ್‌ಕೆಸಿಸಿ2 ಕೂಡ ನಿಧಾನವಾಗುತ್ತೆ, ಉಪ್ಪು ಹೊರಗೆ ಹೋಗುತ್ತೆ. ಮುಂದೆ ನಾಳದ ಕೊನೆಯ ಭಾಗವಾದ ಕಲೆಕ್ಟಿಂಗ್ ಡಕ್ಟ್‌ನಲ್ಲಿ ಪೊಟ್ಯಾಸಿಯಂ ಹೊರಹಾಕೋದೂ ಇದೇ ಚಾನೆಲ್, ಅಲ್ಲಿ ಮುಚ್ಚಿದರೆ ಪೊಟ್ಯಾಸಿಯಂ ಉಳಿಯುತ್ತೆ. ಒಂದೇ ಏಟಿಗೆ ಎರಡು ಕೆಲಸ, ಅಲ್ವಾ? ನನಗಂತೂ ಇದು ತುಂಬಾ ಸೊಗಸಾದ ಟಾರ್ಗೆಟ್.

ಅಸ್ಸೇ_ಬೆಂಚ್:
ಕಷ್ಟ ಇರೋದು ಇದೊಂದನ್ನೇ ಮುಚ್ಚೋದರಲ್ಲಿ. ಸಾವಿರಾರು ಅಣುಗಳನ್ನು ಜೀವಕೋಶಗಳ ಮೇಲೆ ಪರೀಕ್ಷಿಸೋ ಸ್ಕ್ರೀನಿಂಗ್‌ಗೆ ಥ್ಯಾಲಿಯಂ ಬಳಸುತ್ತಾರೆ. ಅದು ಪೊಟ್ಯಾಸಿಯಂ ಚಾನೆಲ್‌ನಲ್ಲಿ ಸಲೀಸಾಗಿ ನುಗ್ಗುತ್ತೆ, ಕೋಶದ ಒಳಗಿನ ಬಣ್ಣ ಹೊಳೆಯುತ್ತೆ, ಪರೀಕ್ಷಾ ತಟ್ಟೆಯ ಯಾವ ಗುಳಿಯಲ್ಲಿ ಹೊಳಪು ಏರಲಿಲ್ಲವೋ ಅಲ್ಲಿ ಏನೋ ಅಡ್ಡ ಬಂದಿದೆ ಅಂತ ಲೆಕ್ಕ, ಆಮೇಲೆ ಚಾನೆಲ್‌ನ ವಿದ್ಯುತ್ ಹರಿವು ಅಳೆಯೋ ಪ್ಯಾಚ್ ಕ್ಲ್ಯಾಂಪ್‌ನಲ್ಲಿ ಖಚಿತ ಮಾಡಿಕೊಳ್ಳಬೇಕು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರಿಗೆ ಹೀಗೆ ಸಿಕ್ಕ ವಿಯು590 ಅನ್ನೋ ಅಣು, ಕೆಐಆರ್7.1 ಅನ್ನೋ ಇನ್ನೊಂದು ಪೊಟ್ಯಾಸಿಯಂ ಚಾನೆಲ್ ಅನ್ನೂ ಮುಚ್ಚುತ್ತಿತ್ತು. ಆಮೇಲೆ ಮಾಡಿದ ವಿಯು591ರಲ್ಲಿ ಆ ತೊಂದರೆ ಹೋಯಿತು. ಔಷಧಿ ಕಂಪನಿ ಮರ್ಕ್‌ನವರ ಮೊದಲ ಅಣುಗಳಿಗೆ ಹೃದಯದ ಹರ್ಗ್ ಚಾನೆಲ್ ಕಾಟ. ಹರ್ಗ್ ಮುಚ್ಚಿದರೆ ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಂತರ ಉದ್ದವಾಗಿ ಹೃದಯದ ಬಡಿತವೇ ಕೆಡಬಹುದು. ಬಿಪಿ ಇಳಿಸೋಕೆ ವರ್ಷಗಟ್ಟಲೆ ನುಂಗೋ ಮಾತ್ರೆಯಲ್ಲಿ ಅಂಥದ್ದಕ್ಕೆ ಜಾಗವೇ ಇಲ್ಲ. ಅದನ್ನು ದೂರ ಮಾಡುತ್ತಾ ಎಂಕೆ-7145 ಅನ್ನೋ ಅಣುವಿನವರೆಗೆ ಬಂದರು.

ಫಾರ್ಮಾ_ವಿದ್ಯಾರ್ಥಿ:
ಪೊಟ್ಯಾಸಿಯಂ ಉಳಿದು ಉಳಿದು ರಕ್ತದಲ್ಲಿ ಜಾಸ್ತಿ ಆದರೆ?

ನೆಫ್ರಾನ್:
ಸರಿಯಾದ ಪ್ರಶ್ನೆ. ಎರಡನೇ ಬಗೆಯ ಬಾರ್ಟರ್ ಸಿಂಡ್ರೋಮ್ ಅನ್ನೋ ಆನುವಂಶಿಕ ಕಿಡ್ನಿ ಕಾಯಿಲೆ ನೋಡಿ. ಆ ಮಕ್ಕಳಿಗೆ ಹುಟ್ಟಿನಿಂದಲೇ ರೋಮ್ಕ್ ಕೆಟ್ಟಿರುತ್ತೆ. ಮೊದಲ ದಿನಗಳಲ್ಲಿ ಪೊಟ್ಯಾಸಿಯಂ ಏರುತ್ತೆ, ಆಮೇಲೆ ಇಳಿದುಹೋಗುತ್ತೆ, ಯಾಕಂದ್ರೆ ಬಿಕೆ ಅನ್ನೋ ಇನ್ನೊಂದು ಚಾನೆಲ್ ಆ ಕೆಲಸಕ್ಕೆ ನಿಲ್ಲುತ್ತೆ. ಇನ್ನೊಂದು ಕಡೆ, ಫ್ರೇಮಿಂಗ್‌ಹ್ಯಾಮ್ ಅನ್ನೋ ದೀರ್ಘಕಾಲದ ಹೃದಯ ಅಧ್ಯಯನದಲ್ಲಿ ರೋಮ್ಕ್, ಎನ್‌ಕೆಸಿಸಿ2 ಮತ್ತು ಕಿಡ್ನಿಯಲ್ಲೇ ಉಪ್ಪು ಎಳೆಯೋ ಎನ್‌ಸಿಸಿ ಜೀನ್‌ಗಳಲ್ಲಿ ಯಾವುದಾದರೂ ಒಂದರ ಒಂದೇ ಪ್ರತಿ ಕೆಟ್ಟಿದ್ದವರಿಗೆ ಬಿಪಿ ಕಡಿಮೆ ಇತ್ತು, 2008ರಲ್ಲಿ ಪ್ರಕಟವಾಯಿತು. ಪೂರ್ತಿ ಮುಚ್ಚದೆ ಸ್ವಲ್ಪ ತಗ್ಗಿಸಿದರೂ ಸಾಕು ಅನ್ನೋ ಧೈರ್ಯ ಬಂದಿದ್ದು ಅಲ್ಲಿಂದ. ಆದರೂ ಕಿಡ್ನಿ ಸೋತವರಿಗೆ ಕೊಡೋವಾಗ ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟೇ ಇರಬೇಕು.