ಬೈಬಲ್ ವಚನ ಹೇಳಲು ಎದ್ದು ನಿಂತರೆ ಹೊಟ್ಟೆನೋವು: ಸಂಡೇ ಸ್ಕೂಲಿನಲ್ಲಿ ಏನು ಮಾಡಬಹುದು?

ಪಿಂಪ್ರಿ ಟೀಚರ್:
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಪುಣೆಯ ಪಿಂಪ್ರಿಯಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಕ್ರೈಸ್ತ ಸಭೆ. ಹೆಚ್ಚಿನವರು ಬೀದರ್, ಕಲಬುರಗಿ ಕಡೆಯವರು. ಭೋಸರಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಾರೆ. ನಾನು ಸಂಡೇ ಸ್ಕೂಲಿನಲ್ಲಿ, ಅಂದರೆ ಭಾನುವಾರದ ಬೈಬಲ್ ಕ್ಲಾಸಿನಲ್ಲಿ, ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಕಲಿಸುತ್ತೇನೆ.

ಐದನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಾಳೆ. ಕೀರ್ತನೆ 23 ಪೂರ್ತಿ ಬಾಯಿಪಾಠ. ನನ್ನ ಪಕ್ಕ ಕೂತರೆ ಒಂದೂ ತಪ್ಪಿಲ್ಲದೆ ಹೇಳುತ್ತಾಳೆ. ಸಭೆಯ ಮುಂದೆ ಎದ್ದು ನಿಲ್ಲು ಅಂದರೆ ಕೈ ತಣ್ಣಗಾಗುತ್ತದೆ. ಈಗೀಗ ಭಾನುವಾರ ಬೆಳಿಗ್ಗೆ ಮನೆಯಲ್ಲೇ ಹೊಟ್ಟೆನೋವು ಶುರುವಾಗುತ್ತದಂತೆ. ಇನ್ನೊಬ್ಬ ಹುಡುಗ ರಾತ್ರಿ ಹೊದಿಕೆಯೊಳಗೆ ಯುದ್ಧದ, ಭೂಕಂಪದ ಶಾರ್ಟ್ಸ್ ನೋಡುತ್ತಾನೆ. ಕ್ಲಾಸಿಗೆ ಬಂದು "ಟೀಚರ್, ಲೋಕದ ಅಂತ್ಯ ಇದೇ ವರ್ಷನಾ?" ಅಂತ ಕೇಳುತ್ತಾನೆ.

ಹಿರಿಯರು "ಪ್ರಾರ್ಥನೆ ಕಮ್ಮಿ, ಮೊಬೈಲ್ ಜಾಸ್ತಿ" ಅನ್ನುತ್ತಾರೆ. ಅಷ್ಟೇನಾ? ಈ ಮಕ್ಕಳು 2020ರ ಲಾಕ್‌ಡೌನ್‌ನಲ್ಲಿ ಬಾಲವಾಡಿಯನ್ನೂ ಮೊಬೈಲಿನಲ್ಲೇ ಮುಗಿಸಿದವರು. ಇವರನ್ನು ಹೇಗೆ ಅರ್ಥ ಮಾಡಿಕೊಳ್ಳಲಿ?

ಹಿಂಜವಡಿ ಅಪ್ಪ:
ಸಿಸ್ಟರ್, ಹುಡುಗನ ವಿಷಯ ಮನೆಯವರೇ ನೋಡಬೇಕು. ನಮ್ಮಲ್ಲಿ ರಾತ್ರಿ ಊಟ ಆದ ಮೇಲೆ ಎಲ್ಲರ ಫೋನೂ ಅಡುಗೆಮನೆಯಲ್ಲಿ ಚಾರ್ಜಿಗೆ. ನನ್ನದೂ, ಹೆಂಡತಿಯದೂ ಸೇರಿ. ದೊಡ್ಡವರ ಫೋನ್ ಕೈಯಲ್ಲೇ ಇದ್ದರೆ ಮಕ್ಕಳು ಯಾಕೆ ಕೇಳುತ್ತಾರೆ?

ಖಡ್ಕಿ ಅಕ್ಕ:
ಟೀಚರಮ್ಮ, ಒಂದು ಮಾತು ಕೇಳುತ್ತೇನೆ. ಆ ಹುಡುಗಿ ವಚನ ಹೇಳುವಾಗ ಎದುರಿಗೆ ಎಷ್ಟು ಮೊಬೈಲು ಎತ್ತಿ ಹಿಡಿದಿರುತ್ತಾರೆ?

ನಾನು ಸಂಡೇ ಸ್ಕೂಲಿನಲ್ಲೇ ಬೆಳೆದು, ಅಲ್ಲೇ ಕಲಿಸುತ್ತಾ ಬಂದವಳು. ನಾವು ಚಿಕ್ಕವರಿದ್ದಾಗ ವಚನ ಮರೆತರೆ ನಾಲ್ಕು ಜನ ನಗುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಎಲ್ಲರಿಗೂ ಮರೆತು ಹೋಗುತ್ತಿತ್ತು. ಈಗ ಮಗು ತಡವರಿಸಿದ್ದು ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಅಲ್ಲಿಂದ ಬೀದರಿನ ಚಿಕ್ಕಮ್ಮನಿಗೆ. ಅಮ್ಮ ಪ್ರೀತಿಯಿಂದಲೇ ಮತ್ತೆ ಮತ್ತೆ ಹಾಕಿ ತೋರಿಸುತ್ತಾಳೆ. ಮಗುವಿಗೆ ಆ ತಪ್ಪು ಮುಗಿಯುವುದೇ ಇಲ್ಲ. ಹೆದರದೆ ಏನು ಮಾಡೀತು?

ನಮ್ಮ ಕ್ಲಾಸಿನಲ್ಲಿ ಯಾರೂ ವಿಡಿಯೋ ತೆಗೆಯುವ ಹಾಗಿಲ್ಲ. ಪಾಸ್ಟರ್ ಅಯ್ಯನವರೇ ಆರಾಧನೆ ಮುಗಿದಾಗ ಇದನ್ನು ಹೇಳಿದರು. ವಚನವನ್ನು ಮೊದಲು ಎಲ್ಲರೂ ಒಟ್ಟಿಗೆ, ಆಮೇಲೆ ಇಬ್ಬಿಬ್ಬರಾಗಿ ಹೇಳುತ್ತಾರೆ. ಒಬ್ಬರೇ ಹೇಳಬೇಕೆನ್ನುವವರು ತಾವಾಗಿ ಕೈ ಎತ್ತುತ್ತಾರೆ.

ಇನ್ನೊಂದು. ಫಿಲಿಪ್ಪಿ 4:6 ಹೇಳಿ, ಚಿಂತೆ ಮಾಡಬೇಡ ಅಂತ ಮಗುವಿನ ಬಾಯಿ ಮುಚ್ಚಿಸಬೇಡಿ. ಹೆದರುವುದೇ ಪಾಪ ಅಂತ ಆ ಮಗು ತಿಳಿಯುತ್ತದೆ. ಅದೇ ವಚನದಲ್ಲಿ ಮುಂದೆ ಏನಿದೆ? ನಿಮಗೆ ಬೇಕಾದ್ದನ್ನು ದೇವರಿಗೆ ತಿಳಿಸಿ ಅಂತ ಇದೆ. ತಿಳಿಸಬೇಕಾದರೆ ಬಾಯಿ ಬಿಡಬೇಕಲ್ವಾ! ನಾನು ಪಾಠಕ್ಕೆ ಮುಂಚೆ ಚೀಟಿ ಕೊಡುತ್ತೇನೆ. ಈ ವಾರ ಏನಕ್ಕೆ ಹೆದರಿಕೆ ಆಯಿತು ಅಂತ ಬರೆಯಬೇಕು. ಕನ್ನಡ, ಮರಾಠಿ, ಇಂಗ್ಲಿಷ್ ಯಾವುದಾದರೂ ಸರಿ. ಹೆಸರು ಬೇಡ. ಯೂನಿಟ್ ಟೆಸ್ಟ್, ಅಪ್ಪ ಅಮ್ಮನ ಜಗಳ, ಗೇಮ್‌ನಲ್ಲಿ ಯಾರೋ ಬೈದದ್ದು, ಎಲ್ಲ ಬರುತ್ತದೆ. ಅವನ್ನೇ ಪ್ರಾರ್ಥನೆಯಲ್ಲಿ ಹೇಳುತ್ತೇವೆ.

ಮಾರ್ಕ 4ರ ಬಿರುಗಾಳಿ ಕತೆಯನ್ನು ನಿಧಾನವಾಗಿ ಹೇಳಿ ನೋಡಿ. ಕಾರ್ಟೂನ್ ಹಾಕಬೇಡಿ. ಶಿಷ್ಯರು ಮುಳುಗುತ್ತೇವೆ ಅಂತ ಕೂಗಿ ಯೇಸುವನ್ನು ಎಬ್ಬಿಸುತ್ತಾರೆ. ಆತನು ಮೊದಲು ಗಾಳಿಯನ್ನು ಗದರಿಸುತ್ತಾನೆ. ಯಾಕೆ ಹೆದರಿದಿರಿ ಅಂತ ಕೇಳುವುದು ಅದಾದ ಮೇಲೆ. ನಾವು ಮಕ್ಕಳಿಗೆ ಮಾಡುವುದು ಉಲ್ಟಾ. ಗಾಳಿ ಬೀಸುತ್ತಿರುವಾಗಲೇ ನಂಬಿಕೆಯ ಪಾಠ ಶುರು ಮಾಡುತ್ತೇವೆ.

ಆ ಹುಡುಗನಿಗೆ ಮಾರ್ಕ 13 ಓದಿಸಿ. ಯುದ್ಧಗಳ ಸುದ್ದಿ ಕೇಳಿದಾಗ ಕಳವಳಪಡಬೇಡಿ ಅಂತ 7ನೇ ವಚನ. ಆ ದಿನ ತಂದೆಗೆ ಹೊರತು ಯಾರಿಗೂ, ಮಗನಿಗೂ ಗೊತ್ತಿಲ್ಲ ಅಂತ 32ನೇ ವಚನ. ಹಾಗಿದ್ದರೆ ಯಾವ ಶಾರ್ಟ್ಸಿಗೆ ತಾರೀಖು ಗೊತ್ತಿರಲು ಸಾಧ್ಯ ಅಂತ ಅವನನ್ನೇ ಕೇಳಿ.

ಪಿಂಪ್ರಿ ಟೀಚರ್:
ಅಕ್ಕ, ಆ ಹುಡುಗಿಯ ಅಮ್ಮನೇ ಮುಂದಿನ ಸಾಲಿನಲ್ಲಿ ಕೂತು ವಿಡಿಯೋ ತೆಗೆಯುತ್ತಾರೆ. ಹೇಗೆ ಹೇಳಲಿ? ಇನ್ನೊಂದು, ಶಾಲೆಗೆ ಹೋಗುವ ದಿನವೂ ಹೊಟ್ಟೆನೋವು ಇದೆಯಂತೆ.

ಖಡ್ಕಿ ಅಕ್ಕ:
ಶಾಲೆ ದಿನವೂ ಇದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಲಿ. ಹೊಟ್ಟೆಯಲ್ಲಿ ಏನೂ ಇಲ್ಲ ಅಂತಾದರೆ 14416ಕ್ಕೆ ಫೋನ್ ಮಾಡಲು ಹೇಳಿ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ, 2022ರಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ಕನ್ನಡ, ಮರಾಠಿ ಎರಡರಲ್ಲೂ ಮಾತಾಡುತ್ತಾರೆ. ಪ್ರಾರ್ಥನೆಯೂ ಇರಲಿ, ಇದೂ ಇರಲಿ. ದುರಾತ್ಮ, ನಂಬಿಕೆ ಕಮ್ಮಿ ಅಂತ ಯಾರಾದರೂ ಮಗುವಿನ ಮುಂದೆ ಅಂದರೆ ದಯವಿಟ್ಟು ಅಲ್ಲೇ ತಡೆಯಿರಿ.

ಅಮ್ಮನಿಗೆ ಒಬ್ಬರಿಗೇ ಹೇಳಬೇಡಿ, ನೊಂದುಕೊಳ್ಳುತ್ತಾರೆ. ಪಾಸ್ಟರ್ ಎಲ್ಲರಿಗೂ ಸೇರಿಸಿ ಹೇಳಲಿ. ಕ್ರಿಸ್ಮಸ್ ಕಾರ್ಯಕ್ರಮಕ್ಕೆ ನಮ್ಮಲ್ಲಿ ಒಬ್ಬರೇ ಹಿಂದೆ ನಿಂತು ಗುಂಪಿನ ಹಾಡು ಮಾತ್ರ ತೆಗೆಯುತ್ತಾರೆ. ತಂದೆ ತಾಯಿಗೆ ಅಷ್ಟು ಸಾಕಾಗಿದೆ.

ಹಿಂಜವಡಿ ಅಪ್ಪ:
ನಮ್ಮ ಸಭೆಯಲ್ಲೂ ಇದನ್ನು ಕೇಳುತ್ತೇನೆ ಅಕ್ಕ. ಚೀಟಿಗಳನ್ನು ಆಮೇಲೆ ಏನು ಮಾಡುತ್ತೀರಿ?

ಖಡ್ಕಿ ಅಕ್ಕ:
ಮಕ್ಕಳ ಎದುರಿಗೇ ಹರಿದು ಹಾಕುತ್ತೇನೆ. ಯಾರಾದರೂ ಹೊಡೆಯುತ್ತಾರೆ, ಮೈ ಮುಟ್ಟುತ್ತಾರೆ ಅಂತ ಬಂದರೆ ಅದನ್ನು ಮಾತ್ರ ಎತ್ತಿಟ್ಟು ಅವತ್ತೇ ಪಾಸ್ಟರ್ ಜೊತೆ ಮಾತಾಡುತ್ತೇನೆ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುತ್ತೇವೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿರುತ್ತೇನೆ.